ವೀರಪ್ಪನನ್ನು ಕೂರಿಸಿದ ದಿನ

"ದ್ರೌಪದಿ, ಇನ್ನೊಂದು ತಂಬಿಗಿ ಬಿಸಿನೀರು ತಾರ. ಈ ಮೊಣಕಾಲು ಮಡಚವಲ್ದು," ಎಂದು ಪಕ್ಕದ ಮನೆಯವಳಿಗೆ ಕೂಗಿ ಹೇಳಿದಳು ಉಮಾಬಾಯಿ.

ಗಂಡನ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಎರಡೂ ಕೈಯಿಂದ ಒತ್ತುತ್ತಿದ್ದಳು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮೊಣಕಾಲಿಗೆ ಸುತ್ತುವುದು, ಸ್ವಲ್ಪ ಹೊತ್ತು ಬಿಡುವುದು, ಮತ್ತೆ ಒತ್ತುವುದು. ಬಲಗಾಲು ಹೇಗೋ ಮಣಿದಿತ್ತು. ಎಡಗಾಲು ಹಟ ಹಿಡಿದಿತ್ತು. ಬದುಕಿದ್ದಾಗ ಒಂದು ದಿನವೂ ಹಟ ಮಾಡದವನು ಸತ್ತ ಮೇಲೆ ಇದನ್ನೆಲ್ಲಿ ಕಲಿತನೋ ಎಂದು ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು.

ವೀರಪ್ಪ ತೀರಿಕೊಂಡದ್ದು ಹಿಂದಿನ ದಿನ, ಜಹೀರಾಬಾದಿನ ಒಂದು ದವಾಖಾನೆಯಲ್ಲಿ. ಕೊಯ್ದು, ಹೊಲಿದು, ಬಿಳಿ ಬಟ್ಟೆ ಸುತ್ತಿ ಮನೆಯವರ ಕೈಗೆ ಕೊಟ್ಟದ್ದು ಇವತ್ತು ಬಿಸಿಲೇರಿದ ಮೇಲೆ. ಅಷ್ಟರಲ್ಲಿ ಮೈ ಸೆಟೆದಿತ್ತು. ಈ ಮನೆತನದಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕಾಲು ಮಡಚಿ, ಕೈಯಲ್ಲಿ ಲಿಂಗ ಕೊಟ್ಟು, ಊರಿನ ಜಂಗಮ ಅಯ್ಯನವರು ತಲೆಯ ಮೇಲೆ ಪಾದ ಇಟ್ಟ ಮೇಲೆ ಕೂತವರನ್ನು ಕೂತಂತೆಯೇ ಗುಣಿಗೆ ಇಳಿಸುತ್ತಾರೆ. ಮಲಗಿಸಿ ಹೂಳುವುದು ತನ್ನ ಜೀವ ತಾನೇ ತೆಗೆದುಕೊಂಡವರನ್ನು ಮಾತ್ರ. ಅವರಿಗೆ ಪಾದವೂ ಇಲ್ಲ, ವಿಭೂತಿಯೂ ಇಲ್ಲ. ಹೊಲದ ಬದುವಿನಾಚೆ ಒಂದು ಉದ್ದ ಗುಣಿ, ಅಷ್ಟೇ.

ಕೊಯ್ದವರ ವರದಿ ಬರಲು ಇನ್ನೂ ವಾರಗಳಿದ್ದವು, ಊರು ಆಗಲೇ ತೀರ್ಮಾನ ಮಾಡಿ ಮುಗಿಸಿತ್ತು. ವೀರಪ್ಪ ಎಣ್ಣೆ ಕುಡಿದು ಸತ್ತ. ಬೆಳೆಗೆ ಹೊಡೆಯುವ ಔಷಧಕ್ಕೆ ಈ ಕಡೆ ಎಣ್ಣೆ ಎಂದೇ ಹೆಸರು. ದವಾಖಾನೆಯ ಬಾಗಿಲಲ್ಲಿ ಕಂಪೌಂಡರ್ ಒಬ್ಬ "ಬಾಯಾಗ ಎಣ್ಣಿ ವಾಸನಿ ಅದ" ಎಂದದ್ದೇ ಸಾಕಾಯಿತು. ಆ ಮಾತು ಹೆಣಕ್ಕಿಂತ ಮೊದಲೇ ಝರಾಸಂಗಂ ಬಸ್ಸು ಹತ್ತಿ ಊರು ಸೇರಿತ್ತು.

"ಬಿಡವ್ವ, ಆ ಕಾಲಿಗಿ ಯಾಕ ತ್ರಾಸ ಕೊಡ್ತಿ," ಎಂದು ಗುರುಬಸವ ಹೊಸ್ತಿಲಲ್ಲಿ ನಿಂತು ಹೇಳಿದ. ವೀರಪ್ಪನ ಅಣ್ಣ ಅವನು, ಮನೆಯ ಯಜಮಾನ. ಬಸ್ ಸ್ಟ್ಯಾಂಡಿನ ಎದುರಿಗೆ ಬೀಜ, ಗೊಬ್ಬರ, ಎಣ್ಣೆ ಮಾರುವ ಅಂಗಡಿ ಅವನದು. ಅತ್ತು ಅತ್ತು ಅವನ ಕಣ್ಣೂ ಊದಿದ್ದವು. "ಪೋಚಪ್ಪಗ ಉದ್ದ ಗುಣಿ ತೋಡು ಅಂತ ಹೇಳೀನಿ. ಜಲ್ದಿ ಮುಗಸೋಣು."

ಮದುವೆಯಾಗಿ ಬಂದಂದಿನಿಂದ ಉಮಾಬಾಯಿ ಭಾವನಿಗೆ ಎದುರಾಗಿ ಮಾತಾಡಿದವಳಲ್ಲ. ಸೆರಗು ಮುಂದೆಳೆದುಕೊಂಡು, ಗೋಡೆಗೋ ಗಂಗಾಳಕ್ಕೋ ಹೇಳಿದಂತೆ ಹೇಳುವುದೇ ರೂಢಿ. ಇವತ್ತು ಸೆರಗು ಹೆಗಲಿಗೆ ಜಾರಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

"ಅವ್ರು ಕುಡದಿಲ್ರಿ ಭಾವ."

"ನಾ ಏನ್ ಖುಷಿಲೆ ಅಂತೀನೇನು? ದವಾಖಾನ್ಯಾಗ ಎಲ್ಲಾರೂ ಅಂದಾರ."

"ವಾಸನಿ ಅದ ಅಂದಾರ, ಕುಡ್ದಾರ ಅಂದಿಲ್ಲ. ಮುಂಜಾನಿ ಹೊಲಕ್ಕ ಹೋಗಾಗ ಏನಂದ್ರು ಗೊತ್ತೇನ್ರಿ? ಸಂಜಿಗಿ ಪುಂಡಿಪಲ್ಯ ಮಾಡಿಡು, ಬೆಳ್ಳುಳ್ಳಿ ಕೈಬಿಚ್ಚಿ ಹಾಕು ಅಂದ್ರು. ಸಾಯವರಿಗಿ ಸಂಜಿ ಪಲ್ಯದ ಚಿಂತಿ ಇರ್ತದೇನ್ರಿ?"

"ಬಾಯಾಗ ಹ್ಯಾಂಗ ಬಂತು ಮತ್ತ? ಅದು ಹೇಳು. ಮೈಮ್ಯಾಲ ಇರ್ತದ, ಅಂಗಿಮ್ಯಾಲ ಇರ್ತದ, ಖರೇ. ಕುಡಿಲಾರ್ದ ಬಾಯಾಗ ಹ್ಯಾಂಗ ಬರ್ತದ?"

ಅಲ್ಲಿಗೆ ಬಂದು ಉಮಾಬಾಯಿ ಪ್ರತಿ ಸಲ ಸಿಕ್ಕಿಬೀಳುತ್ತಿದ್ದಳು. ಪೊಲೀಸರು ಕೇಳಿದ್ದು ಅದನ್ನೇ, ಹೆಣ ನೋಡಲು ಬಂದ ಬೀಗರು ಕೇಳಿದ್ದು ಅದನ್ನೇ. ಗಂಡ ಕುಡಿದಿಲ್ಲ ಎಂಬುದು ಅವಳಿಗೆ ತನ್ನ ಹೆಸರಿನಷ್ಟೇ ಖಾತ್ರಿಯಿತ್ತು. ಬಾಯಿಗೆ ಹೇಗೆ ಬಂತು ಎಂಬುದಕ್ಕೆ ಮಾತ್ರ ಉತ್ತರವಿರಲಿಲ್ಲ. ಅವಳು ಮತ್ತೆ ಬಿಸಿಬಟ್ಟೆ ಹಿಂಡಿ ಮೊಣಕಾಲಿಗೆ ಸುತ್ತಿದಳು.

* * *

ವೀರಪ್ಪ ಬೆನ್ನಿಗೆ ಪಂಪು ಕಟ್ಟಿಕೊಂಡು ಕಂಡವರ ಹೊಲಕ್ಕೆ ಎಣ್ಣೆ ಹೊಡೆಯುತ್ತಿದ್ದ. ತನ್ನದೂ ಒಂದು ತುಂಡು ಹೊಲವಿತ್ತು, ಆದರೆ ಅವನ ಹೆಸರು ನಡೆದದ್ದು ಪಂಪಿನಿಂದ. ತೊಗರಿ ಹೂವಿಗೆ ಬಂದಾಗ ತಾಂಡೂರಿನ ಕಡೆಯಿಂದಲೂ ಅವನಿಗೆ ಕರೆ ಬರುತ್ತಿತ್ತು. ಹೂ ಬಿಡುವ ಹೊತ್ತಿಗೆ ತೊಗರಿ ಆಳೆತ್ತರ ಬೆಳೆದಿರುತ್ತದೆ. ಹೊಡೆಯುವವನು ಪಂಪಿನ ಕೋಲನ್ನು ತಲೆಯ ಮೇಲೆ ಎತ್ತಿ ಹಿಡಿಯಬೇಕು. ಹೊಡೆದದ್ದರಲ್ಲಿ ಅರ್ಧ ಹುಳದ ಮೇಲೆ ಬಿದ್ದರೆ ಅರ್ಧ ಅವನ ಮೇಲೆಯೇ ಬೀಳುತ್ತದೆ. ಗಾಳಿಗೆ ಬೆನ್ನು ಕೊಟ್ಟು ಸಾಲು ಹಿಡಿಯುವುದರಲ್ಲಿ ವೀರಪ್ಪನದು ಎತ್ತಿದ ಕೈ ಎಂದು ಮಂದಿ ಹೊಗಳುತ್ತಿದ್ದರು, ಅವನೂ ನಂಬಿದ್ದ. ಮುಖಕ್ಕೆ ಟವೆಲ್ ಸುತ್ತಿಕೊಂಡು ಹೋಗುತ್ತಿದ್ದ. ಬಿಸಿಲಿಗೆ ಉಸಿರು ಕಟ್ಟಿದರೆ ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ.

ಬರಬರುತ್ತ ಅವನ ಕೈ ನಡುಗತೊಡಗಿತು. ಉಮಾಬಾಯಿ ಚಹಾವನ್ನು ಅರ್ಧ ಗ್ಲಾಸೇ ಕೊಡುವುದನ್ನು ರೂಢಿ ಮಾಡಿಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಎಣ್ಣೆ ಹೊಡೆದು ಬಂದ ದಿನ ತಲೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಬೆಲ್ಲ ತಿಂದು ಮಜ್ಜಿಗೆ ಕುಡಿದರೆ ಎಲ್ಲ ಇಳಿಯುತ್ತದೆ ಎಂಬುದು ಊರಿನ ನಂಬಿಕೆ. ಇಳಿದಂತೆ ಆಗುತ್ತಿತ್ತು, ಮರುದಿನ ಮತ್ತೆ ಪಂಪು ಬೆನ್ನೇರುತ್ತಿತ್ತು.

ಒಮ್ಮೆ ಉಮಾಬಾಯಿ ಗಡಿಬಿಡಿಯಲ್ಲಿ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದಳು. ವೀರಪ್ಪ ತಳದವರೆಗೂ ಕುಡಿದು, "ಭೇಷ್ ಆಗ್ಯಾದ" ಎಂದು ಗ್ಲಾಸು ಕೆಳಗಿಟ್ಟ. ಅವಳು ತನ್ನ ಚಹಾ ಬಾಯಿಗಿಟ್ಟವಳು ಥೂ ಎಂದು ಉಗುಳಿ ಬಿದ್ದು ಬಿದ್ದು ನಕ್ಕಳು.

"ಏನ್ ಮನಷ್ಯಾರಿ ನೀವು! ಉಪ್ಪು ಹಾಕೀನ್ರಿ ಅದಕ್ಕ!"

"ಹೌದೇನು? ನಾಲಿಗಿ ಯಾವಾಗೋ ರಜಾ ಹಾಕ್ಯಾದ. ನಿನ್ನ ಅಡಿಗಿ ಉಣ್ಣಾಕ ಅದೇ ಚಲೋ ಬಿಡು," ಎಂದು ಅವನೂ ನಕ್ಕ.

ನಕ್ಕು ಮುಗಿದ ಮೇಲೆ ಅವಳಿಗೆ ಹೆದರಿಕೆಯಾಯಿತು. ಯಾವಾಗಿನಿಂದ ರುಚಿ ಹೋಗಿದೆ ಎಂದು ಕೇಳಿದಳು. ಅವನು ಹೆಗಲು ಕುಣಿಸಿದ. ಈ ಕೆಲಸ ಬಿಟ್ಟುಬಿಡಿ ಎಂದಳು.

"ಬಿಟ್ಟು? ಅಣ್ಣನ ಅಂಗಡಿಗಿ ಬಂದವ್ರು ಮೊದಲ ಕೇಳೋದೇ, ಎಣ್ಣಿ ಕೊಡ್ತಿ ಖರೇ, ಹೊಡಿಯವ್ರು ಯಾರು ಅಂತ. ನಾ ಹೊಡೀತೀನಿ ಅಂತ ಅಂಗಡಿ ನಡೀತದ. ಅಂಗಡಿ ನಡೀತದಂತ ನಮ್ಮ ಸಂಜೀವ ಅಲ್ಲಿ ಕುಂತಾನ. ಎಲ್ಲಿಂದ ಬಿಡಲಿ ಹೇಳು?"

ಅವಳಿಗೂ ತೋಚಲಿಲ್ಲ. ಮುಂದೆ ಅವನು ಏನೇ ಉಣ್ಣುವುದಿದ್ದರೂ ಖಾರ, ಬೆಳ್ಳುಳ್ಳಿ ಕೈಬಿಚ್ಚಿ ಹಾಕತೊಡಗಿದಳು. ಅಷ್ಟಾದರೂ ನಾಲಿಗೆಗೆ ತಾಗಲಿ ಎಂದು.

* * *

ಎಡಗಾಲು ಕೊನೆಗೂ ಮಣಿಯಿತು. ಉಮಾಬಾಯಿ ಮತ್ತು ದ್ರೌಪದಿ ಸೇರಿ ಹೆಣವನ್ನು ಗೋಡೆಗೆ ಒರಗಿಸಿ, ಎದೆಗೆ ಪಂಜೆ ಸುತ್ತಿ ಗೂಟಕ್ಕೆ ಕಟ್ಟಿದರು. ವೀರಪ್ಪ ಕೂತ. ಅವನು ಕೂತದ್ದನ್ನು ನೋಡಿ ಅಂಗಳದ ಹೆಂಗಸರು ಒಮ್ಮೆಲೇ ಅತ್ತರು, ಗಂಡಸರು ಮುಖ ಆಚೆ ತಿರುಗಿಸಿದರು.

ಅಯ್ಯನವರು ಬಂದರು. ಹೆಸರು ಶರಣಕುಮಾರ, ತಂದೆ ತೀರಿಕೊಂಡ ಮೇಲೆ ಊರಿನ ಅಯ್ಯನತನ ಮೈಮೇಲೆ ಬಿದ್ದ ಹುಡುಗವಯಸ್ಸಿನ ಮನುಷ್ಯ. ಹೆಣದ ಮುಂದೆ ಕೈ ಮುಗಿದರು. ಮುಖದಲ್ಲಿ ದುಃಖವೂ ಇತ್ತು, ಭಯವೂ ಇತ್ತು.

"ಯವ್ವಾ, ನಮ್ಮ ಹೊಲಕ್ಕೂ ಇವ್ರೇ ಹೊಡೀತಿದ್ರು. ನಂಗೇನು ಬ್ಯಾರೆದವರಲ್ಲ. ಆದ್ರ ಕುಡ್ದು ಸತ್ತವರಿಗಿ ಪಾದ ಇಟ್ಟ ಅಂತ ಆದ್ರ, ನಾಳಿ ಹಿರೇರು ನನಗ ಮಠದ ಮೆಟ್ಲ ಹತ್ತಾಕ ಬಿಡಂಗಿಲ್ಲ. ನೀವು ಕುಡದಿಲ್ಲ ಅಂತೀರಿ. ಬಾಯಾಗ ಹ್ಯಾಂಗ ಬಂತು, ಅದೊಂದು ಹೇಳಿಬಿಡ್ರಿ, ನಾ ಪಾದ ಇಡ್ತೀನಿ."

"ನಂಗ ಗೊತ್ತಿಲ್ರಿ ಅಯ್ಯ," ಎಂದಳು ಉಮಾಬಾಯಿ. "ಗೊತ್ತಿದ್ರ ಹೇಳ್ತಿದ್ದಿಲ್ಲೇನ್ರಿ?"

ಗುರುಬಸವ ಅವಳನ್ನು ಒಳಗಿನ ಕಾಳಿನ ಕೋಣೆಗೆ ಕರೆದ. ಹಿಂದೆಯೇ ಅವಳ ಮಗ ಸಂಜೀವಕುಮಾರನೂ ಬಂದು ಬಾಗಿಲಿಗೆ ಆತುಕೊಂಡ. ತೊಗರಿಚೀಲಗಳ ನಡುವೆ ಗುರುಬಸವನ ದನಿ ಇಳಿಯಿತು.

"ಉಮವ್ವ, ನೀ ಏನ್ ಅನ್ಲಿಕ್ಕತ್ತಿ ಅಂತ ನಿನಗ ತಿಳದದೇನು? ಕುಡದಿಲ್ಲ ಅಂದ್ರ ಹೊಡೀತಾ ಹೊಡೀತಾ ಸತ್ತ. ಯಾರ ಹೊಲ? ನಂದು. ಯಾರ ಎಣ್ಣಿ? ನಂದು. ಹುಳ ಜಾಸ್ತಿ ಅದ ಅಂತ ಮೂರು ತರದ್ದು ಕೂಡಿಸಿ ಕೈಯಾರೆ ಕಲಸಿಕೊಟ್ಟಾಂವ್ ಯಾರು?" ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ನನ್ನ ತಮ್ಮನ್ನ ನಾನೇ ಕೊಂದೆ ಅಂತ ಮಂದಿ ಮುಂದ ಹೇಳ್ತಿಯೇನವ್ವ? ಹೇಳು. ನಾಳಿಂದ ಅಂಗಡಿ ಬಂದ್. ನಿನ್ನ ಮಗ, ನನ್ನ ಮಕ್ಕಳು, ಎಲ್ಲಾರೂ ಕೂಡೇ ಬೀದಿಗಿ ಬೀಳಾಮು."

ಇದು ಬೆದರಿಕೆಯೋ ಬೇಡಿಕೆಯೋ ಅವನಿಗೇ ಗೊತ್ತಿರಲಿಲ್ಲ. ತಮ್ಮ ಕುಡಿದೇ ಸತ್ತಿರಲಿ ಎಂದು ಅವನು ಮನಸಾರೆ ಬಯಸುತ್ತಿದ್ದ. ಪಾಪ, ಹಾಗಾಗಿದ್ದರೆ ಮಾತ್ರ ಅವನಿಗೆ ಇನ್ನು ಮುಂದೆ ನಿದ್ದೆ ಹತ್ತುವಂತಿತ್ತು. ಉಮಾಬಾಯಿಗೆ ಅದು ಅರ್ಥವಾಯಿತು, ಅರ್ಥವಾದದ್ದಕ್ಕೆ ಮೈ ಉರಿಯಿತು.

"ಅವ್ವಾ, ದೊಡ್ಡಪ್ಪ ಅಂದಂಗ ಆಗ್ಲಿ ಬಿಡು," ಎಂದ ಸಂಜೀವಕುಮಾರ ನೆಲ ನೋಡುತ್ತ. "ಹೋದಾಂವ ಹೋದ. ಮಲಗಿದ್ರೇನು, ಕುಂತ್ರೇನು?"

"ಸುಮ್ನಿರು. ಬುದ್ಧಿ ತಿಳದಾಗಿಂದ ನಿಮ್ಮಪ್ಪ ಪಂಪು ಹೊತ್ತು ನಿಂತೇ ಇದ್ದಾನ. ಅವನು ಹೊತ್ತದ್ದಕ್ಕೇ ನೀ ಅಂಗಡ್ಯಾಗ ಫ್ಯಾನಿನ ಬುಡಕ ಕುಂತಿ," ಎಂದಳು ಉಮಾಬಾಯಿ. "ಇವತ್ತೊಂದಿನ ಅವನೂ ಕುಂದರ್ಲಿ."

* * *

ಇದೆಲ್ಲ ಶುರುವಾದದ್ದು ಹಿಂದಿನ ದಿನ. ಬಿಸಿಲು ನೆತ್ತಿಯ ಮೇಲಿರುವಾಗಲೇ ವೀರಪ್ಪ ಅಣ್ಣನ ಹೊಲದಿಂದ ತಾನಾಗಿ ನಡೆದು ಬಂದಿದ್ದ. ಕೆಲಸ ಮುಗಿಯುವ ಮೊದಲು ಅವನು ಬಂದವನೇ ಅಲ್ಲ. ಅಂಗಿ ತೊಯ್ದು ಮೈಗೆ ಹತ್ತಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಒರೆಸಿಕೊಂಡಷ್ಟೂ ಇಳಿಯುತ್ತಿತ್ತು.

"ಕತ್ತಲಾತೇನು?" ಎಂದು ಕೇಳಿದ.

"ಇನ್ನೂ ಮಧ್ಯಾಹ್ನರಿ. ಯಾಕ?"

"ನಿನ್ನ ಮಾರಿ ಕಾಣವಲ್ದು. ಎಣ್ಣಿ ಹತ್ತ್ಯಾದ ಕಾಣ್ತದ. ಮಜ್ಜಿಗಿ ಕೊಡು."

ಮಜ್ಜಿಗೆ ಕುಡಿದ, ಕುಡಿದದ್ದೆಲ್ಲ ಹೊರಗೆ ಬಂತು. ಉಮಾಬಾಯಿ ಕಿರುಚಿದಳು, ದ್ರೌಪದಿ ಓಡಿ ಬಂದಳು, ಅಂಗಡಿಯಿಂದ ಸಂಜೀವಕುಮಾರ ಆಟೋ ತಂದ. ದಾರಿಯುದ್ದಕ್ಕೂ ವೀರಪ್ಪನ ತೋಳಿನ ಮಾಂಸ ಚರ್ಮದ ಕೆಳಗೆ ತಾನೇ ತಾನಾಗಿ ಅದುರುತ್ತಿತ್ತು. ಅವಳು ಅದನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು, ಹಿಡಿದರೆ ನಿಲ್ಲುತ್ತದೆ ಎಂಬಂತೆ.

"ಇನ್ನ ಅರ್ಧ ಹೊಲ ಉಳದದ," ಎಂದ ಅವನು ಒಮ್ಮೆ. "ಅಣ್ಣಗ ಹೇಳು, ನಾಳಿ ಮುಗಸ್ತೀನಂತ."

ಆಮೇಲೆ ಮಾತಾಡಲಿಲ್ಲ. ಸಾಯಬೇಕೆಂದು ಕುಡಿದವನು ನಾಳೆಯ ಕೆಲಸದ ಮಾತಾಡುತ್ತಾನೆಯೇ ಎಂದು ಅವಳು ಪೊಲೀಸರ ಮುಂದೆ ಹತ್ತು ಸಲ ಹೇಳಿದಳು. ಅವರು ಕೇಳಿಸಿಕೊಂಡರು, ತಲೆ ಆಡಿಸಿದರು, ಬಾಯಿಯ ವಾಸನೆಯ ಬಗ್ಗೆ ಮತ್ತೆ ಕೇಳಿದರು.

* * *

ಕುರ್ಚಿಗೆ ಬಾಳೆದಿಂಡು ಕಟ್ಟಿ ವೀರಪ್ಪನನ್ನು ಅದರಲ್ಲೇ ಹೊತ್ತುಕೊಂಡು ಹೋದರು. ಉಮಾಬಾಯಿ ಹೆಣದ ಪಕ್ಕ ಬಿಟ್ಟು ಕದಲದಿದ್ದಾಗ ಗುರುಬಸವ, "ಗುಣಿ ತನಕ ಕುಂತೇ ಬರ್ಲಿ, ಪಾದ ಇಡೋದು ಬಿಡೋದು ಅಯ್ಯನವರಿಗಿ ಬಿಟ್ಟದ್ದು" ಎಂದು ಸೋತಿದ್ದ. ಹೊಲದ ದಾರಿಯ ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ಮುಂದೆ ಹೋಗುತ್ತಿದ್ದ ಗಂಡಸರು ನಡೆಯುತ್ತಲೇ ಹೂವಿನ ಗೊಂಚಲು ಬಗ್ಗಿಸಿ ಹುಳ ನೋಡುತ್ತಿದ್ದರು. ಹೆಣದ ಜೊತೆ ಹೋಗುವಾಗಲೂ ಆ ಚಟ ಬಿಡುವುದಿಲ್ಲ.

ವೀರಪ್ಪನ ಸ್ವಂತ ತುಂಡು ಹೊಲದ ಮೂಲೆಯಲ್ಲಿ ಪೋಚಪ್ಪ ಗುಣಿ ತೋಡಿದ್ದ. ಕುರಿ ಕಾಯುವ ಮನೆತನದವನು ಅವನು. ಕುರಿಗಳನ್ನು ಅಣ್ಣಂದಿರಿಗೆ ಬಿಟ್ಟು ಬಹಳ ವರ್ಷಗಳಿಂದ ವೀರಪ್ಪನ ಜೊತೆಗೆ ಪಂಪು ಹೊತ್ತಿದ್ದ. ಒಬ್ಬ ಈ ಸಾಲಾದರೆ ಇನ್ನೊಬ್ಬ ಆಚೆ ಸಾಲು. ಹಿಂದಿನ ದಿನ ಅವನು ಬೇರೆಯವರ ಹೊಲದಲ್ಲಿದ್ದ. ಗುಣಿ ನೋಡಿ ಗುರುಬಸವನ ಮುಖ ಬಿಗಿಯಿತು. ಗುಣಿ ಉದ್ದವಿರಲಿಲ್ಲ, ಚೌಕಾಗಿ, ಆಳವಾಗಿ, ಒಬ್ಬ ಕೂರುವಷ್ಟಿತ್ತು.

"ಉದ್ದ ತೋಡು ಅಂದಿದ್ದೆನಲ್ಲೋ?"

"ಕಲ್ಲು ಹತ್ತಿತ್ರಿ ಸಾವಕಾರ. ಉದ್ದ ಆಗವಲ್ದು, ಆಳ ಆತು," ಎಂದ ಪೋಚಪ್ಪ. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ, ಕಿವಿ ಕೆಂಪಾಗಿದ್ದವು.

ಕುರ್ಚಿಯನ್ನು ಗುಣಿಯ ಪಕ್ಕ ಇಳಿಸಿದರು. ಅಯ್ಯನವರು ಮಂತ್ರಿಸಿದ ನೀರಿನ ತಂಬಿಗೆಯನ್ನು ಎದುರಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಪಾದ ಇಡಲು ಏಳಲಿಲ್ಲ. ಇಡುವುದಿಲ್ಲ ಎಂದೂ ಹೇಳಲಿಲ್ಲ. ಹಿರಿಯರು ಅವರನ್ನೇ ನೋಡುತ್ತಿದ್ದರು. ಉಮಾಬಾಯಿ ಕುರ್ಚಿಯ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತಳು. ಯಾರಾದರೂ ಬಂದು ಗಂಡನ ಕಾಲು ಮತ್ತೆ ನೀಳ ಮಾಡುತ್ತಾರೆ ಎಂದು ಅವಳು ಕಾಯುತ್ತಿದ್ದಳು.

ಪೋಚಪ್ಪನಿಗೆ ಸುಮ್ಮನೆ ನಿಲ್ಲಲು ಆಗಲಿಲ್ಲ. ಗುಣಿಯ ಗೋಡೆಗಳನ್ನು ಹಸಿ ಮಾಡಿ ಸೆಗಣಿ ಸಾರಿಸುವುದು ಬಾಕಿಯಿತ್ತು. ಕೆಂಪು ಮಣ್ಣು ಒಣಗಿ ಉದುರುತ್ತಿತ್ತು. ಕೊಡದಿಂದ ಸುರಿದರೆ ಗೋಡೆ ಕುಸಿಯುತ್ತದೆ ಎಂದು ಅವನು ತನ್ನ ಪಂಪಿನಲ್ಲಿ ಹಳ್ಳದ ನೀರು ತುಂಬಿಕೊಂಡು ಬಂದಿದ್ದ. ಪಂಪು ಬೆನ್ನಿಗೇರಿಸಿ, ಕೋಲನ್ನು ಗುಣಿಯೊಳಗೆ ಇಳಿಸಿ ತುಂತುರು ಬಿಟ್ಟ. ಒಂದು ಗೋಡೆ ಹಸಿಯಾಯಿತು. ಎರಡನೆಯದಕ್ಕೆ ತಿರುಗುವಷ್ಟರಲ್ಲಿ ತುಂತುರು ನಿಂತಿತು. ಕೋಲಿನ ತುದಿಯ ನಾಜಲಿನಲ್ಲಿ ಕಸ ಸಿಕ್ಕಿತ್ತು.

ಪೋಚಪ್ಪ ನಾಜಲನ್ನು ತಿರುವಿ ಬಿಚ್ಚಿದ. ಬಾಯಿಗಿಟ್ಟು ಜೋರಾಗಿ ಊದಿದ. ಬಿಡಲಿಲ್ಲ. ಒಳಕ್ಕೆ ಎಳೆದ, ಥೂ ಎಂದು ಉಗುಳಿದ, ಮತ್ತೊಮ್ಮೆ ಊದಿದ. ತಿರುವಿ ಹಾಕಿ ಎರಡನೆಯ ಗೋಡೆಗೆ ತುಂತುರು ಬಿಟ್ಟ.

"ಪೋಚಪ್ಪಾ!" ಎಂದು ಉಮಾಬಾಯಿ ಚೀರಿದಳು. "ಈಗ ಏನ್ ಮಾಡ್ದಿ?"

ಅವನು ಬೆಚ್ಚಿಬಿದ್ದ. "ಏನ್ ಮಾಡ್ದೆ? ನೀರ್ ಹೊಡ್ಯಾಕತ್ತೀನಕ್ಕ."

"ಅದಕ್ಕಿಂತ ಮೊದಲ?"

"ನಾಜಲ್‌ನಾಗ ಕಸ ಸಿಕ್ಕಿತ್ತು. ಊದ್ದೆ."

"ಯಾತರ್ಲೆ ಊದ್ದಿ?"

"ಬಾಯಿಲೆ. ಮತ್ಯಾತರ್ಲೆ ಊದ್ತಾರ?" ಎಂದು ಅವನು ನಗಲು ನೋಡಿದ, ನಗು ಬರಲಿಲ್ಲ.

"ಎಣ್ಣಿ ಹೊಡಿಯಾಗೂ ಹಿಂಗೇ ಮಾಡ್ತಿಯೇನು? ಅವ್ರೂ ಹಿಂಗೇ ಮಾಡ್ತಿದ್ರೇನು?"

"ಎಲ್ಲಾರೂ ಹಿಂಗೇ ಅಕ್ಕ. ಸಿಕ್ತಂದ್ರ ಊದೋದು, ಸಿಕ್ತಂದ್ರ ಊದೋದು, ಅದರಾಗೇನದ..." ಎಂದವನು ಅಲ್ಲಿಗೇ ನಿಂತುಬಿಟ್ಟ.

ಉಮಾಬಾಯಿಯೇ ಎಷ್ಟು ಸಲ ಹೊಲಕ್ಕೆ ನೀರು ಹೊತ್ತು ಹೋಗಿ ಅದನ್ನು ನೋಡಿದ್ದಳೋ. ನೋಡಿ ನೋಡಿ ಅದು ಕಣ್ಣಿಗೆ ಕಾಣುವುದನ್ನೇ ಬಿಟ್ಟಿತ್ತು. ಉಸಿರಾಡಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅವಳು ಎದ್ದು ಅಯ್ಯನವರ ಮುಂದೆ ನಿಂತಳು.

"ಅಯ್ಯಾ, ನೋಡಿದ್ರಲ್ಲ? ಹಿಂಗ ಬಂತ್ರಿ ಬಾಯಾಗ."

ಗುರುಬಸವ ಗುಣಿಯ ಅಂಚಿನಲ್ಲಿ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಸಂಜೀವಕುಮಾರ ಅವನ ಕಡೆಗೆ ಒಂದು ಹೆಜ್ಜೆ ಇಟ್ಟ, ಮತ್ತೆ ಅವ್ವನ ಕಡೆಗೆ ತಿರುಗಿದ, ಎತ್ತಲೂ ಹೋಗದೆ ನಿಂತ. ನೆರೆದಿದ್ದ ಗಂಡಸರಲ್ಲಿ ಆ ವಾರ ಪಂಪು ಹೊತ್ತವರೇ ಹೆಚ್ಚು. ಒಬ್ಬೊಬ್ಬರ ಕೈ ತಮಗೆ ಅರಿವಿಲ್ಲದೆ ತುಟಿಗೆ ಹೋಯಿತು. ಅಯ್ಯನವರ ಕೈಯೂ ಹೋಯಿತು.

"ಕುಂದ್ರಸ್ರಿ," ಎಂದರು ಅಯ್ಯನವರು. ಎದ್ದು ಬಂದು, ವೀರಪ್ಪನ ಹಣೆಗೆ ವಿಭೂತಿ ಹಚ್ಚಿ, ತಲೆಯ ಮೇಲೆ ಪಾದ ಇಟ್ಟರು. ಉಮಾಬಾಯಿ ಬಾಯಿಗೆ ಸೆರಗು ತುರುಕಿಕೊಂಡು, ಎರಡು ದಿನದಿಂದ ಹಿಡಿದಿಟ್ಟದ್ದನ್ನೆಲ್ಲ ಅತ್ತಳು.

ಹೆಣ ಗುಣಿಗೆ ಇಳಿಯುತ್ತಿದ್ದಾಗ ಪೋಚಪ್ಪ ಪಂಪನ್ನು ಬೆನ್ನಿನಿಂದ ಇಳಿಸಿ ನೆಲದ ಮೇಲಿಟ್ಟ. ನಾಲಿಗೆಯನ್ನು ಅಂಗಿಯ ತೋಳಿನಿಂದ ತಿಕ್ಕಿದ, ಮತ್ತೆ ಮತ್ತೆ ಉಗುಳಿದ. ಬಾಯಿ ತೊಳೆಯಲು ಸುತ್ತ ನೋಡಿದ. ತಂಬಿಗೆಯ ನೀರು ಸತ್ತವನದು, ಅದನ್ನು ಮುಟ್ಟುವಂತಿರಲಿಲ್ಲ. ಹಳ್ಳ ದೂರವಿತ್ತು. ಅವನು ನಿನ್ನೆ ಎಣ್ಣೆ ಹೊಡೆದ ಅದೇ ಪಂಪಿನ ಮುಚ್ಚಳ ತೆಗೆದು, ಒಳಗೆ ಕೈ ಅದ್ದಿ, ಒಂದು ಬೊಗಸೆ ಎತ್ತಿ ಬಾಯಿ ಮುಕ್ಕಳಿಸಿದ. ಅವನ ಹಿಂದೆ ಇನ್ನೊಬ್ಬ ಬಂದು ನಿಂತು ಬೊಗಸೆ ಒಡ್ಡಿದ.